ನಿಂಬೆ ಗಿಡದ ಬುಡದಲ್ಲಿ ಕೂತ ಕಯೋಟಿ

ರಮೀರೊ ತೀರಿಕೊಂಡು ನಲವತ್ತು ದಿನ ಕಳೆದರೂ ಕಯೋಟಿ ಬರುವುದನ್ನು ನಿಲ್ಲಿಸಿರಲಿಲ್ಲ. ಬೆಳಿಗ್ಗೆ ಆರೂಕಾಲಿಗೆ ಸರಿಯಾಗಿ ಹಿತ್ತಿಲ ಗೋಡೆ ಹಾರಿ, ನಿಂಬೆ ಗಿಡದ ಬುಡದಲ್ಲಿ ಕೂರುತ್ತಿತ್ತು. ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು, ಎಡಗಿವಿ ಹರಿದಿತ್ತು. ಗಂಡ ಎರಡು ವರ್ಷ ಗುಟ್ಟಾಗಿ ಅದಕ್ಕೆ ಕೋಳಿಯ ಚರ್ಮ, ಬೇಯಿಸಿದ ಮೊಟ್ಟೆ ಹಾಕುತ್ತಿದ್ದನೆಂಬುದು ಲೊರೇನಾಗೆ ತಿಳಿದದ್ದೇ ಅವನು ಹೋದ ಮೇಲೆ, ಅದು ಹೀಗೆ ಬಂದು ಕಾಯತೊಡಗಿದಾಗ.

ಮರುಭೂಮಿಯ ಊರು ಟೂಸಾನ್‌ನ ಅಂಚಿನ ಆ ಬೀದಿಗೆ ಕಯೋಟಿ ಹೊಸದಲ್ಲ. ಒಣಹಳ್ಳದಗುಂಟ ಬರುತ್ತವೆ, ಮನುಷ್ಯರನ್ನು ಕಂಡರೆ ಜಾರಿಕೊಳ್ಳುತ್ತವೆ. ಇದು ಮಾತ್ರ, ಪಕ್ಕದ ಮನೆಯ ಡಾಯ್ಲ್‌ನ ಮೊಮ್ಮಗಳ ಕೈಯ ತಿಂಡಿ ನೋಡುತ್ತ ಶಾಲೆ ಬಸ್ಸಿನವರೆಗೂ ಅವಳ ಹಿಂದೆ ನಡೆದಿತ್ತು. ಮರುದಿನವೇ ವನ್ಯಜೀವಿ ಇಲಾಖೆಯ ಹೆಂಗಸು ಬಂದಳು.

“ಹತ್ತು ದಿನ ನೋಡ್ತೀವಿ ಮೇಡಂ. ಕೂಗಿ, ಕಲ್ಲು ತುಂಬಿದ ಡಬ್ಬ ಅಲ್ಲಾಡಿಸಿ, ನೀರು ಹೊಡೀರಿ. ಅದು ಕಣ್ಮರೆ ಆಗೋವರೆಗೂ ಬಿಡ್ಬೇಡಿ. ಆಮೇಲೂ ಬಂದ್ರೆ ಹಿಡಿದು ಕೊಲ್ಲೋದೇ.”

“ದೂರ ಎಲ್ಲಾದ್ರೂ ಬಿಟ್ಟು ಬರೋಕಾಗಲ್ವಾ?”

“ಅಲ್ಲೂ ಇನ್ಯಾರದ್ದೋ ಬಾಗಿಲಿಗೆ ಹೋಗಿ ನಿಲ್ಲತ್ತೆ, ಅಷ್ಟೆ.”

ಒಂಬತ್ತನೆಯ ದಿನವೂ ಲೊರೇನಾ ಡಬ್ಬ ಅಲ್ಲಾಡಿಸಿದಳು. ಕಯೋಟಿ ಕದಲಲಿಲ್ಲ.

ಗೋಡೆಯ ಮೇಲಿಂದ ಡಾಯ್ಲ್ ತಲೆ ಹಾಕಿದ. “ಏನ್ರೀ, ಹೆದರಿಸ್ತಿದೀರೋ, ತಾಳ ಹಾಕಿ ಕುಣಿಸ್ತಿದೀರೋ?”

“ನಿಮ್ಮ ಹೆಂಡ್ತಿ ಹತ್ರ ಕೂಗೋದು ಕಲಿತು ಬರ್ತೀನಿ ಬಿಡಿ.”

“ಅವಳು ಕೂಗಿದ್ರೆ ನಾನೇ ಗೋಡೆ ಹಾರ್ತೀನಿ!” ನಕ್ಕವನು ಕಯೋಟಿಯತ್ತ ಬಗ್ಗಿ ನೋಡಿದ. “ಲೊರೇನಾ, ಅದು ನಿಮ್ಮನ್ನ ನೋಡ್ತಾನೇ ಇಲ್ಲ ಕಣ್ರೀ. ನಿಮ್ಮ ಹಿಂದೆ ನೋಡ್ತಿದೆ.”

ಅದು ಅವಳಿಗೂ ಗೊತ್ತಿತ್ತು. ಆದರೂ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಮೂವತ್ತು ವರ್ಷ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವಳು ಅವಳು. ಆ ಪ್ರಾಣಿ ಮನಸ್ಸಿನಲ್ಲಿ ಆಹಾರದೊಂದಿಗೆ ಜೋಡಿಸಿಕೊಂಡದ್ದು ಹಿತ್ತಿಲನ್ನಲ್ಲ, ಒಬ್ಬ ಮನುಷ್ಯನನ್ನು. ಹಾಗಿದ್ದರೆ ಭಯವೂ ಅವನಿಂದಲೇ ಬರಬೇಕು.

ಹತ್ತನೆಯ ಬೆಳಿಗ್ಗೆ ಅವಳು ರಮೀರೊನ ದಪ್ಪ ಕೋಟು ತೊಟ್ಟಳು. ಒಗೆದಿರಲಿಲ್ಲ, ಕೊರಳಪಟ್ಟಿಯಲ್ಲಿ ಅವನ ಬೆವರು ಇನ್ನೂ ಇತ್ತು. ಅವನ ಟೋಪಿಯನ್ನೂ ಹುಬ್ಬಿನವರೆಗೆ ಎಳೆದುಕೊಂಡು ಹೊರಬಂದಳು.

ಕಯೋಟಿ ಎದ್ದುನಿಂತಿತು. ಕಿವಿ ಹಿಂದಕ್ಕೆ ಮಡಚಿ, ಬಾಲವನ್ನು ತಗ್ಗಿಸಿ ಅಲ್ಲಾಡಿಸುತ್ತ, ಮರಿಯಂತೆ ಕುಂಯ್‌ಗುಡುತ್ತ ಹತ್ತಿರ ಬಂತು. ಇಷ್ಟು ದಿನಗಳಲ್ಲಿ ಆ ಮನೆಯಲ್ಲಿ ಯಾರೂ ಅಷ್ಟು ಸಂತೋಷಪಟ್ಟಿರಲಿಲ್ಲ.

ಲೊರೇನಾ ನೀರಿನ ಕೊಳವೆಯನ್ನು ಅದರ ಮುಖಕ್ಕೇ ಹಿಡಿದಳು. ಡಬ್ಬವನ್ನು ಅದರ ಕಾಲ ಬಳಿಯೇ ಬೀಸಿ ಒಗೆದಳು. “ಹೋಗು! ಬರಬೇಡ ಇನ್ನು! ಹೋಗು!” ಗಂಟಲಿನಿಂದ ಹೊರಟ ಗೊಗ್ಗರು ದನಿ ತನ್ನದೆಂದು ಅವಳಿಗೇ ಅನ್ನಿಸಲಿಲ್ಲ.

ಒಂದು ಕ್ಷಣ ಅದು ನೀರು ಸುರಿಸಿಕೊಂಡು ನಿಂತಿತು, ಏನೋ ತಪ್ಪು ತಿಳಿವಳಿಕೆಯಾಗಿದೆ ಎಂಬಂತೆ. ಆಮೇಲೆ ಗೋಡೆ ಹಾರಿತು. ಹಳ್ಳದಲ್ಲಿ ನಿಂತು ಹಿಂತಿರುಗಿ ನೋಡಿತು. ಅವಳು ಗೋಡೆಯವರೆಗೂ ಓಡಿ, ಅದು ಪೊದೆಗಳಲ್ಲಿ ಮರೆಯಾಗುವವರೆಗೂ ಬೈದಳು.

ಸದ್ದಿಗೆ ಹೊರಬಂದ ಡಾಯ್ಲ್‌ನ ಮುಖ ಬಿಳಿಚಿಕೊಂಡಿತ್ತು. “ನೀವಾ? ರಮೀರೊನೇ ಬೈತಿದಾನೆ ಅನ್ಕೊಂಡೆ.”

ಲೊರೇನಾ ಖಾಲಿ ಹಳ್ಳವನ್ನೇ ನೋಡುತ್ತಿದ್ದಳು.

“ಅದೂ ಹಾಗೇ ಅನ್ಕೊಂಡು ಹೋಯ್ತು,” ಎಂದಳು.