ಗೋದಾಳ ಪಾಲಿನ ಅರ್ಧ ಮಾತ್ರೆ

ಪುಟ್ಟೇನಹಳ್ಳಿ ಕೆರೆ ಏರಿಯ ಮೇಲೆ ನಾಲ್ಕು ಸುತ್ತು ಹಾಕಿ ಸೇತುರಾಮರು ಮನೆಗೆ ಬರುವಾಗ ಸರಿಯಾಗಿ ಏಳೂಮುಕ್ಕಾಲು. ಅಷ್ಟರಲ್ಲಿ ಅವರ ಹೆಂಡತಿ ಗೋದಾ ಉಪ್ಪಿಟ್ಟು ಇಳಿಸಿ, ಗಂಡನ ಅಕ್ಕ ಸರಳಮ್ಮನವರಿಗೆ ಎರಡನೇ ಕಾಫಿ ಕೊಟ್ಟು, ಮೇಜಿನ ಮೇಲೆ ಒಂದೇ ಒಂದು ತಟ್ಟೆ ಇಟ್ಟಿರಬೇಕು. ಒಂದೇ ಏಕೆಂದರೆ, ಗಂಡ ತಿಂದೆದ್ದ ತಟ್ಟೆಯಲ್ಲೇ ಹೆಂಡತಿ ತಿನ್ನುವುದು ಆ ಮನೆಯ ಪದ್ಧತಿ. ಗೋದಾ ಬಂದ ಮೂವತ್ತೆಂಟು ವರ್ಷಗಳಲ್ಲಿ ಬಾಳೆಲೆ ಹೋಗಿ ಸ್ಟೀಲ್ ತಟ್ಟೆ ಬಂತು, ಮಣೆ ಹೋಗಿ ಡೈನಿಂಗ್ ಟೇಬಲ್ ಬಂತು. ಪದ್ಧತಿ ಮಾತ್ರ ಅಲುಗಲಿಲ್ಲ.

ಗಂಡ ತಿಂದ ಕೂಡಲೇ ಅವಳ ಸರದಿ ಬರುತ್ತಿತ್ತು ಎಂದುಕೊಳ್ಳಬೇಡಿ. ಸರಳಮ್ಮನವರ ಪೂಜೆಗೆ ಅಣಿ ಮಾಡಬೇಕು, ಮಂಗಳಾರತಿ ಆಗಬೇಕು, ಅವರ ತಿಂಡಿ ಮುಗಿಯಬೇಕು. ಗೋದಾ ಆ ಎಂಜಲು ತಟ್ಟೆಯ ಮುಂದೆ ಕೂರುವಾಗ ಹತ್ತೂವರೆ ದಾಟಿರುತ್ತಿತ್ತು.

ಆದರೆ ಮಾತ್ರೆ ಮಾತ್ರ ಎಂಟು ಗಂಟೆಗೇ. ಸೇತುರಾಮರಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ, ಬಿಪಿ. ನಾಲ್ಕು ವರ್ಷದಿಂದ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ರೈಲಿನ ಗಾಲಿಗಳ ಅಳತೆ ನೋಡಿದವರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ವಾಪಸ್ ಕಳಿಸುತ್ತಿದ್ದರಂತೆ. ಆ ಮನುಷ್ಯ ಈಗ ದಿನವೂ ಬ್ಲೇಡು ಹಿಡಿದು ಬಿಪಿ ಮಾತ್ರೆಯನ್ನೂ ಸಕ್ಕರೆ ಮಾತ್ರೆಯನ್ನೂ ಸರಿಯಾಗಿ ನಡುವಿಗೆ ಕತ್ತರಿಸುತ್ತಿದ್ದರು.

"ಪೂರ್ತಿ ನುಂಗಿದ್ರೆ ಉಷ್ಣ ಕಣೇ, ಕಿಡ್ನಿ ಸುಟ್ಟುಹೋಗುತ್ತೆ. ಡಾಕ್ಟ್ರುಗಳು ಯಾವಾಗ್ಲೂ ಒಂದು ಕೈ ಜಾಸ್ತಿನೇ ಬರೀತಾರೆ," ಎಂದು ಇನ್ನರ್ಧವನ್ನು ಗೋದಾಳ ಅಂಗೈಗೆ ಹಾಕುತ್ತಿದ್ದರು. ಮೂರು ವರ್ಷದ ಹಿಂದೆ ಅವಳಿಗೊಮ್ಮೆ ತಲೆಸುತ್ತು ಬಂದಿತ್ತು. "ನಿಂಗೂ ಇದೇ ಇರ್ಬೇಕು, ತಗೋ," ಎಂದಿದ್ದರು. ಅಂದಿನಿಂದ ನಡೆದುಬಂತು.

ಸೇತುರಾಮರು ಕೆಟ್ಟವರಲ್ಲ. ತಮ್ಮ ಔಷಧಿಯಲ್ಲೇ ಹೆಂಡತಿಗೊಂದು ಪಾಲು ಕೊಡುತ್ತಿದ್ದೇನೆಂದು ನಿಜವಾಗಿಯೂ ನಂಬಿದ್ದರು. ನನಗೆ ಸಿಟ್ಟು ಬರುವುದೇ ಆ ನಂಬಿಕೆಯ ಮೇಲೆ. ಗಂಡನಿಗೆ ಇಷ್ಟು ದಪ್ಪದ ಫೈಲು, ಹೆಂಡತಿಯ ಹೆಸರಿನಲ್ಲಿ ಒಂದು ಚೀಟಿಯೂ ಇಲ್ಲ.

ಹತ್ತು ಗಂಟೆ ಸಮೀಪಿಸಿತೆಂದರೆ ಗೋದಾಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಹಿತ್ತಲಿಗೆ. ಕೈ ನಡುಗುವುದು, ಕತ್ತು ಬೆವರುವುದು, ಎದೆ ಡವಡವ. ಹೋದ ವಾರ ಆರತಿ ತಟ್ಟೆಯೇ ಕೈಜಾರಿತ್ತು.

"ಪಿತ್ತ. ಶುಂಠಿ ಕಷಾಯ ಕುಡಿ," ಎಂದರು ಸರಳಮ್ಮ.

"ಎರಡು ತುತ್ತು ತಿಂದ್ರೆ ಸರಿಹೋಗುತ್ತೆ ಅತ್ತಿಗೆ."

"ಪೂಜೆಗೆ ಮುಂಚೆನಾ? ಚೆನ್ನಾಗಿದೆ! ನಮ್ಮಮ್ಮ ಜ್ವರ ಬಂದಾಗಲೂ ಹಾಗೆ ಮಾಡ್ಲಿಲ್ಲ."

ಇನ್ನೊಂದು ಸಂಗತಿ ಗೋದಾಳನ್ನು ಒಳಗೇ ಕೊರೆಯುತ್ತಿತ್ತು. ಬಿಪಿ ಮಾತ್ರೆಯ ಹಾಳೆಯ ಮೇಲೆ ಮೊದಲು ಇಪ್ಪತ್ತು ಎಂದಿತ್ತು, ಆಮೇಲೆ ನಲವತ್ತು, ಈಗ ಎಂಬತ್ತು. ಗುಣ ಕಾಣಲಿಲ್ಲವೆಂದು ಡಾಕ್ಟರು ಏರಿಸುತ್ತ ಹೋದರು. ಏರಿದ್ದರಲ್ಲಿ ಅರ್ಧ ಇವಳ ಹೊಟ್ಟೆಗೆ ಹೋಯಿತು. ಅತ್ತ ಗಂಡನ ಕಾಲಿನ ಊತವೂ ಇಳಿಯಲಿಲ್ಲ. ಸಾಕ್ಸ್ ತೆಗೆದರೆ ಗುರುತು ಸಂಜೆಯವರೆಗೂ ಹಾಗೇ ಇರುತ್ತಿತ್ತು. ಇವರು ಕೈತಪ್ಪಿ ಹೋಗುತ್ತಿದ್ದಾರೆ ಎಂದು ಅವಳಿಗೆ ಅನಿಸತೊಡಗಿತ್ತು. ಹೇಳುವುದು ಯಾರಿಗೆ?

ಆ ಸೋಮವಾರ ನ್ಯೂ ಟೌನಿನ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಅಮ್ರೀನ್ ಹೊಸ ರಿಪೋರ್ಟು ನೋಡಿ ಕನ್ನಡಕ ತೆಗೆದರು.

"ಕ್ರಿಯಾಟಿನಿನ್ ಮತ್ತೆ ಏರಿದೆ ಸರ್, ಕಿಡ್ನಿ ಇನ್ನೂ ಸೋತಿದೆ. ಹೀಗೇ ಹೋದ್ರೆ ಡಯಾಲಿಸಿಸ್ ದೂರ ಇಲ್ಲ. ಮಾತ್ರೆ ಸರಿಯಾಗಿ ತಗೋತಿದೀರಾ?"

"ಒಂದಿನಾನೂ ತಪ್ಪಿಸಿಲ್ಲ ಮೇಡಂ."

"ಹಾಗಾದ್ರೆ ಇನ್ನೊಂದು ಮಾತ್ರೆ ಸೇರಿಸ್ಬೇಕಾಗುತ್ತೆ," ಎಂದು ಡಾಕ್ಟರು ಪೆನ್ನು ಎತ್ತಿಕೊಂಡರು.

ಗೋದಾ ಗಡಿಯಾರ ನೋಡಿದಳು. ಹತ್ತೂಕಾಲು. ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಬೆರಳು ಸೋತಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು. ಇನ್ನೂ ಒಂದು ಮಾತ್ರೆ, ಅದರಲ್ಲೂ ಅರ್ಧ. ಕುರ್ಚಿಯ ಕೈ ಹಿಡಿದು ಏಳಲು ಹೋದವಳು ಮೇಜಿನ ಮೇಲೆ ಒರಗಿದಳು.

ಡಾಕ್ಟರು ಎದ್ದು ಬಂದು ಅವಳ ಬೆರಳಿಗೆ ಸೂಜಿ ಚುಚ್ಚಿದರು. ಯಂತ್ರದಲ್ಲಿ ಸಕ್ಕರೆ ಬರೀ ಐವತ್ತೆರಡು. ಗ್ಲೂಕೋಸ್ ನೀರು ಕುಡಿಸಿ, ಅವಳ ಕಣ್ಣು ತಿಳಿಯಾಗುವವರೆಗೆ ಕಾದರು.

"ಅಮ್ಮ, ನಿಮಗೆ ಸಕ್ಕರೆ ಕಾಯಿಲೆ ಇದ್ಯಾ? ಏನ್ ಮಾತ್ರೆ ತಗೋತೀರಿ?"

"ಅವಳಿಗೇನೂ ಇಲ್ಲ ಮೇಡಂ, ಸ್ವಲ್ಪ ಪಿತ್ತ," ಎಂದರು ಸೇತುರಾಮರು.

ಗಂಡನ ಡಾಕ್ಟರ ಮುಂದೆ ಗೋದಾ ಎಂದೂ ಬಾಯಿ ತೆರೆದವಳಲ್ಲ. ಸೇತುರಾಮರು ಸುಮ್ಮನಿರು ಎಂಬಂತೆ ನೋಡುತ್ತಿದ್ದರು. ಅವಳಿಗೆ ಅವರ ಊದಿದ ಪಾದ ಕಂಡಿತು.

"ಅವರು ಅರ್ಧ ತಗೋತಾರೆ ಡಾಕ್ಟ್ರೇ. ಇನ್ನರ್ಧ ನಾನು. ಮೂರು ವರ್ಷ ಆಯ್ತು."

ಡಾಕ್ಟರು ಪೆನ್ನು ಕೆಳಗಿಟ್ಟರು.

"ಸರ್, ಅರ್ಧ ಡೋಸಿಗೆ ಗುಣ ಕಾಣದೆ ನಾನು ಏರಿಸ್ತಾ ಬಂದೆ. ಈ ಬಿಪಿ ಮಾತ್ರೆ ಬರೀ ಬಿಪಿ ಇಳಿಸೋಕಲ್ಲ, ಕಿಡ್ನಿಯಿಂದ ಪ್ರೋಟೀನ್ ಸೋರೋದನ್ನ ಕಮ್ಮಿ ಮಾಡೋಕೆ. ಅದಕ್ಕೊಂದು ಲೆಕ್ಕ ಇರುತ್ತೆ. ಮಾತ್ರೆ ಕಿಡ್ನಿ ಸುಡುತ್ತೆ ಅಂತ ಹೆದರ್ಕೊಂಡು ನೀವೇ ಅದನ್ನ ಕಾಯೋರಿಲ್ಲದೆ ಬಿಟ್ರಿ. ಇವರಿಗೆ ಸಕ್ಕರೆ ಇಳಿಸೋ ಮಾತ್ರೆನ ಖಾಲಿ ಹೊಟ್ಟೆಗೆ ಕೊಟ್ರಿ. ಒಂದಿನ ಅಡುಗೆಮನೇಲಿ ಬಿದ್ದು ಏಳದೇ ಹೋಗಿದ್ರೆ?"

"ನಮ್ಮನೇಲಿ ಎಲ್ಲಾ ಹಂಚ್ಕೊಂಡೇ ರೂಢಿ ಮೇಡಂ," ಎಂದ ಸೇತುರಾಮರ ದನಿ ತಗ್ಗಿತ್ತು.

"ತಿಂಡಿ ಹಂಚ್ಕೊಳ್ಳಿ, ಎಂಟು ಗಂಟೆಗೆ."

ಡಾಕ್ಟರು ಆ ದಿನ ಹೊಸ ಮಾತ್ರೆ ಬರೆಯಲಿಲ್ಲ. ಇರುವುದನ್ನೇ ಪೂರ್ತಿ ತಗೊಂಡು ಎರಡು ವಾರಕ್ಕೆ ರಕ್ತಪರೀಕ್ಷೆಗೆ ಬರಲು ಹೇಳಿದರು. ಗೋದಾಳಿಗೆ ಎರಡೂ ಮಾತ್ರೆ ನಿಲ್ಲಿಸಿ, ರಕ್ತ ತೆಗೆಸಿ, ಅವಳ ಹೆಸರಿನಲ್ಲೊಂದು ಫೈಲು ಮಾಡಿಸಿದರು. ಬುಧವಾರ ರಿಪೋರ್ಟು ಬಂತು. ಅವಳಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ.

"ಇಲ್ದೆ ಇದ್ರೆ ಒಳ್ಳೇದೇ ಆಯ್ತು, ಬರದ ಹಾಗೆ ಆ ಮಾತ್ರೆನೇ ತಡೀತು ಬಿಡು," ಎಂದರು ಸರಳಮ್ಮ. "ಗಂಡನ ಕೈಯಿಂದ ಬಂದದ್ದು ತೀರ್ಥ ಇದ್ದ ಹಾಗೆ. ಬೇಡ ಅನ್ನೋದು ನಮ್ಮ ಮನೇಲಿ ಇಲ್ಲ."

ಗುರುವಾರ ಬೆಳಗ್ಗೆ ಎಂಟಕ್ಕೆ ಗೋದಾ ಮೇಜಿನ ಮೇಲೆ ಎರಡು ತಟ್ಟೆ ಇಟ್ಟಳು.

ಸೇತುರಾಮರು ನೋಡಿದರೂ ನೋಡದವರಂತೆ ಬ್ಲೇಡು ತೆಗೆದರು. ಎರಡು ದಿನ ಪೂರ್ತಿ ನುಂಗಿದ ಮೇಲೆ ಅವರಿಗೆ ಮತ್ತೆ ಉಷ್ಣದ ಭಯ ಹತ್ತಿಕೊಂಡಿತ್ತು. ಬಿಪಿ ಮಾತ್ರೆಯನ್ನು ಕತ್ತರಿಸಿ, ಅಭ್ಯಾಸದಂತೆ ಅರ್ಧವನ್ನು ಅವಳತ್ತ ಚಾಚಿದರು. ಗೋದಾ ತೆಗೆದುಕೊಂಡಳು. ಸರಳಮ್ಮನವರ ಮುಖದಲ್ಲಿ ಗೆದ್ದ ಕಳೆ ಮೂಡಿತು.

ಗೋದಾ ಆ ಚೂರನ್ನು ಗಂಡನ ಅಂಗೈಯಲ್ಲಿ ಇನ್ನೊಂದರ ಪಕ್ಕ ಇಟ್ಟಳು. "ಎರಡೂ ನಿಮ್ಮದೇ ರೀ. ನನಗೆ ನೀವು ಬೇಕು, ನಿಮ್ಮ ಮಾತ್ರೆ ಬೇಡ. ನುಂಗಿ, ನಾನು ನೋಡ್ತೀನಿ."

"ಗೋದಾ! ಪೂಜೆ ಆಗಿಲ್ಲ!" ಎಂದು ಸರಳಮ್ಮ ಕೂಗಿದರು.

"ಹೂವು, ಬತ್ತಿ ಎಲ್ಲಾ ಇಟ್ಟಿದೀನಿ ಅತ್ತಿಗೆ. ತಿಂದು ಬಂದು ಆರತಿಗೆ ನಿಲ್ತೀನಿ."

ಅವಳು ಕುರ್ಚಿ ಎಳೆದು ಕೂತು, ಗಂಡನಿಗಿಂತ ಮುಂಚೆ ಬಿಸಿ ಉಪ್ಪಿಟ್ಟಿನ ಮೊದಲ ತುತ್ತು ಬಾಯಿಗಿಟ್ಟಳು. ಸೇತುರಾಮರು ಅಂಗೈ ನೋಡಿದರು, ಅಕ್ಕನನ್ನು ನೋಡಿದರು, ಕೊನೆಗೆ ಎರಡು ಚೂರನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಸರಳಮ್ಮ ಸಿಟ್ಟಿನಿಂದ ದೇವರಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಹತ್ತು ಗಂಟೆಗೆ ದೇವರಮನೆಯ ಬಾಗಿಲು ತೆರೆಯಿತು, ಗೋದಾ ಆರತಿ ತಟ್ಟೆ ಹಿಡಿದು ನಿಂತಳು. ಕೈ ನಡುಗಲಿಲ್ಲ.