ಅರ್ಧ ಗ್ರಾಂ ಕಮ್ಮಿ

ಸೀಸದ ಮೇಲೆ ನವಿಲುಬಣ್ಣ ಆಡತೊಡಗಿತು, ಮೊದಲು ನೀಲಿ, ಆಮೇಲೆ ನೇರಳೆ, ಅಯ್ಯೋ ಕಾವು ಜಾಸ್ತಿಯಾಯಿತಲ್ಲ, ಧನಪಾಲ್ ಬಗ್ಗಿ ಸ್ಟೌವಿನ ಉರಿ ಸಣ್ಣದು ಮಾಡಿ ಒಂದು ಚೂರು ಮೇಣ ಹಾಕಿದ, ಬುಸ್ಸೆಂದು ಹೊಗೆ ಎದ್ದಿತು, ಸೌಟಿನಿಂದ ಕದಡಿ ಮೇಲಿನ ಕಿಟ್ಟ ಬಳಿದು ತೆಗೆದರೆ ಕೆಳಗೆ ಥಳಥಳ — ಹಳೇ ಟೆಲಿಫೋನ್ ಕೇಬಲ್ಲಿನ ಹೊದಿಕೆಯ ಸೀಸ ಇದು, ಉಗುರಿಗೇ ಗೀರು ಬೀಳುವಷ್ಟು ಮೆತ್ತಗಿನದು, ಬ್ಯಾಟರಿಯದ್ದನ್ನು ಮಾತ್ರ ಮುಟ್ಟುವುದಿಲ್ಲ ಅವನು, ಅದು ಗಡಸು, ಹಗುರ, ಒಂದು ಗುಂಡಿನಂತೆ ಇನ್ನೊಂದು ಬರುವುದಿಲ್ಲ. ಅಕ್ಕ ಕೇಳಿದ್ದು ಮೂರೇ ಗುಂಡು. ಮೂರು ಸಾಕು ಕಣೋ, ಭಾನುವಾರ ಪಂದ್ಯದಲ್ಲಿ ನಿನ್ ಸಮಾಧಾನಕ್ಕೆ ಹೊಡೀತೀನಿ, ಸೋಮವಾರ ಕೋವೀನ ಸ್ಟೇಷನ್ನಿಗೆ ಒಪ್ಪಿಸ್ಬಿಟ್ಟು ಲೈಸೆನ್ಸು ವಾಪಸ್ ಕೊಡ್ತೀನಿ, ನಡುಗೋ ಕೈಗೆ ಯಾಕದು. ನಡುಗುವ ಕೈ! ಹೋದ ವರ್ಷ ಲಿಂಗದಹಳ್ಳಿಯ ಬಯಲಲ್ಲಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ, ಅಷ್ಟು ಜನರ ಮುಂದೆ ಬಲಗೈ ಎತ್ತಿ ತೋರಿಸಿದಳಲ್ಲ, ಐದೂ ಬೆರಳು ಬಿಡಿಸಿ, ಮದ್ದಿನ ಮಸಿ ಹತ್ತಿದ ಕೈ. ಬೇಡ, ಈಗ ಅದು ಬೇಡ, ಅಚ್ಚು ಕಾದಿದೆ.

ಹೊಯ್ಯಿ, ನಾಲ್ಕು ಎಣಿಸು, ಅಚ್ಚಿನ ಬಾಯಿ ಮೇಲೆ ಗಟ್ಟಿಯಾದ ಸೀಸದ ಮೊಗ್ಗು ತಟ್ಟಿ ಬೀಳಿಸು, ಅಚ್ಚು ತೆರೆ, ಗುಂಡು ಒದ್ದೆಯಿಲ್ಲದ ಗೋಣಿಯ ಮೇಲೆ ಉರುಳಲಿ, ಮುಚ್ಚು, ಮತ್ತೆ ಹೊಯ್ಯಿ — ಕೈಗೆ ಒಂದು ತಾಳ ಹತ್ತಬೇಕು, ತಾಳ ತಪ್ಪಿದರೆ ಅಚ್ಚು ಆರುತ್ತದೆ, ಆರಿದ ಅಚ್ಚಿನ ಬಾಯಲ್ಲಿ ಸೀಸ ಬೇಗ ಹೆಪ್ಪುಗಟ್ಟಿ ಒಳಗಿನ ಹೊಟ್ಟೆ ಖಾಲಿ ಉಳಿದುಬಿಡುತ್ತದೆ, ಹೊರಗೆ ನೋಡಿದರೆ ಮದುವಣಿಗನ ಹಾಗೆ ಮಿರಮಿರ. ಅದಕ್ಕೇ ಮೊದಲ ಐದು ಗುಂಡು ಎಷ್ಟು ಚೆಂದ ಬಂದರೂ ವಾಪಸ್ ಬಾಂಡ್ಲಿಗೆ. ಮಧ್ಯೆ ಕೈ ನಿಂತರೆ ಮತ್ತೆ ಐದು ವಾಪಸ್. ಉಳಿದದ್ದು ಪ್ರತಿಯೊಂದೂ ತಕ್ಕಡಿಗೆ. ಹನ್ನೊಂದೂವರೆ ಗ್ರಾಮಿನ ಮೇಲೆ ಒಂದು ಚೂರು, ಹನ್ನೊಂದು ಪಾಯಿಂಟ್ ಆರು, ಅದರಾಚೆ ಈಚೆ ಹೋದದ್ದೆಲ್ಲ ಕರಗಲಿ. ಇದನ್ನು ಹೇಳಿಕೊಟ್ಟದ್ದು ಭಾವ, ಅವರದೇ ಕೋವಿ ಅದು, ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ನಮೂನೆಯ ರೈಫಲ್ಲು, ಭಾವ ಹೋದ ಮೇಲೆ ಗದ್ದೆಗೆ ಹಂದಿ ನುಗ್ಗುತ್ತವೆ ಅಂತ ಈಶ್ವರಮ್ಮಕ್ಕ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಂಡಳು, ತರೀಕೆರೆಗೆ ಹದಿಮೂರು ಸಲ ಅಲೆದು, ಹೆಂಗಸಿಗೆ ಯಾಕಮ್ಮ ಕೋವಿ ಅಂದವರಿಗೆ, ಹಂದಿ ಗಂಡಸ್ರು ಹೆಂಗಸ್ರು ನೋಡ್ಕೊಂಡು ಬತ್ತದಾ ಸಾರ್ ಅಂದು. ಒಂದು ಪ್ರಾಣಿಯನ್ನೂ ಕೊಂದವಳಲ್ಲ, ಆಕಾಶಕ್ಕೆ ಹೊಡೆದು ಓಡಿಸುತ್ತಾಳೆ ಅಷ್ಟೆ. ಆದರೆ ತೆಂಗಿನಕಾಯಿ ಕಟ್ಟಿದರೆ — ಅಬ್ಬಬ್ಬ, ಮೂರಕ್ಕೆ ಮೂರು, ಆರು ವರ್ಷ ಸತತವಾಗಿ ಮೂರಕ್ಕೆ ಮೂರು. ಆ ಕೈಯೇ ಅವನನ್ನೂ ಸಾಕಿದ್ದು. ಅವ್ವ ತೀರಿಕೊಂಡಾಗ ಅವನಿಗೆ ಒಂಬತ್ತು, ಅಕ್ಕನಿಗೆ ಹದಿನೇಳು, ಅಜ್ಜಂಪುರದ ಈರುಳ್ಳಿ ಹೊಲಗಳಲ್ಲಿ ಕಳೆ ಕಿತ್ತು ಕಿತ್ತು ಅವನನ್ನು ಕಡೂರಿಗೆ ಐಟಿಐ ಓದಲು ಕಳಿಸಿದಳು, ಬೆಳಿಗ್ಗೆ ಬಸ್ಸಿಗೆ ಮುಂಚೆ ರಾಗಿರೊಟ್ಟಿ ತಟ್ಟಿ ಬುತ್ತಿ ಕಟ್ಟುತ್ತಿದ್ದಳು, ಈರುಳ್ಳಿ ಘಾಟು ಹೋಗದ ಆ ಕೈ — ಇಂಥ ಅಕ್ಕ ಎಷ್ಟು ಜನಕ್ಕೆ ಸಿಗುತ್ತಾಳೆ.

ತಕ್ಕಡಿ ಸರಿ ಇದೆಯೋ ಇಲ್ಲವೋ ನೋಡೋಣ. ಹೋದ ವರ್ಷ ಅಕ್ಕನಿಗೆ ಐದು ಕೊಟ್ಟಿದ್ದ, ಮೂರು ಹೊಡೆದು ಎರಡು ವಾಪಸ್ ಕೊಟ್ಟಿದ್ದಳು, ಡಬ್ಬಿಯಲ್ಲಿ ಬಿದ್ದಿವೆ, ಅವನ್ನೇ ಇಟ್ಟು ನೋಡಿದರಾಯಿತು. ಒಂದನ್ನು ಇಟ್ಟ, ಹನ್ನೊಂದು ಪಾಯಿಂಟ್ ಆರು ಎರಡು, ಭಲೇ. ಇನ್ನೊಂದನ್ನು ಇಟ್ಟ. ಹನ್ನೊಂದು ಪಾಯಿಂಟ್ ಸೊನ್ನೆ ಎಂಟು. ಏನಿದು, ತಕ್ಕಡಿಗೆ ಗಾಳಿ ಬಡಿಯಿತೇನೋ, ತೆಗೆದು ಇಟ್ಟ, ಸೊನ್ನೆ ಎಂಟು, ಬಾಗಿಲು ಹಾಕಿ ಬಂದು ಇಟ್ಟ, ಸೊನ್ನೆ ಎಂಟು. ಅರ್ಧ ಗ್ರಾಂ ಕಮ್ಮಿ. ವೈಸಿಗೆ ಕಚ್ಚಿಸಿ ಹ್ಯಾಕ್‌ಸಾದಿಂದ ಕೊಯ್ದ, ಕೈ ಯಾಕೋ ಅವಸರಪಡುತ್ತಿತ್ತು, ಎರಡು ಹೋಳಾಯಿತು, ನಡುವೆ ಮೆಣಸಿನಕಾಳು ಕೂರುವಷ್ಟು ತೂತು, ಒಳಗೆ ಕಪ್ಪು. ಟೊಳ್ಳು. ಥೂ ನಿನ್ನ, ಧನಪಾಲ, ತೂಗಿರಲಿಲ್ಲವೇ? ತೂಗಿರಲಿಲ್ಲ. ನೆನಪಾಯಿತು, ಎಲ್ಲ ನೆನಪಾಯಿತು, ಹೊಯ್ಯುತ್ತಿದ್ದಾಗ ಕಲ್ಲೇಶ್ ಫೋನ್ ಮಾಡಿದ್ದ, ಟ್ರ್ಯಾಕ್ಟರಿನ ಶಾಫ್ಟು ಮುರಿದೈತೆ ಅರ್ಜೆಂಟು ಬಾರಣ್ಣ ಅಂತ, ಅಚ್ಚು ಕೆಳಗಿಟ್ಟು ಮಾತಾಡಿದ್ದ, ಹತ್ತು ನಿಮಿಷವೋ ಏನೋ, ಬಂದವನು ಕೊನೆಯ ಎರಡನ್ನು ಗಬಕ್ಕನೆ ಹೊಯ್ದು, ಮಿರಮಿರ ಹೊಳೆದದ್ದು ನೋಡಿ, ಐದು ವಾಪಸ್ ಹಾಕದೆ, ತೂಗದೆ, ಬಟ್ಟೆಯಲ್ಲಿ ಕಟ್ಟಿಕೊಟ್ಟಿದ್ದ. ಎರಡು ಟೊಳ್ಳು. ಒಂದು ಇಲ್ಲಿ ಕೊಯ್ಸಿಕೊಂಡು ಬಿದ್ದಿದೆ. ಇನ್ನೊಂದು ಅಕ್ಕನ ಮೂರನೇ ಗುಂಡು.

ಮೂರನೆಯದು ಕಾಯಿಯಿಂದ ಒಂದು ಮೊಳ ಆಚೆ ಹೋಗಿತ್ತು, ಜನ ಹೋ ಅಂದರು, ತೀರ್ಥೇಶ್ — ಪಂದ್ಯ ನಡೆಸುವವನು, ಊರಿನ ಅರ್ಧ ಪಂಪುಸೆಟ್ಟುಗಳನ್ನು ರಿಪೇರಿಗೆ ಇವನ ಲೇತ್ ಅಂಗಡಿಗೇ ಕಳಿಸುವವನು — ಗುಂಡು ಯಾರು ಎರಕ ಹೊಯ್ದಿದ್ದು ಅಂತ ಕೇಳಿದ. ಧನಪಾಲ್ ಲೇತ್ ಅಂದ್ರೆ ಕೂದಲೆಳೆ ವ್ಯತ್ಯಾಸ ಬರಲ್ಲ ಅಂತ ಜನ ಹೇಳುವಂತಾಗಲು ಹತ್ತು ವರ್ಷ ಹಿಡಿದಿತ್ತು, ಮೊದಲೆರಡು ವರ್ಷ ಈ ಬಾಗಿಲಿಗೆ ನೊಣವೂ ಬಂದಿರಲಿಲ್ಲ, ಎಲ್ಲ ತಿರುಗಿ ಧನಪಾಲನ ಮುಖ ನೋಡಿದರು, ಅವನು ಬಾಯಿ ತೆರೆಯುವುದಕ್ಕೆ ಮುಂಚೆಯೇ ಅಕ್ಕ ಕೋವಿಯನ್ನು ಎಡಗೈಗೆ ಬದಲಾಯಿಸಿ ಬಲಗೈ ಎತ್ತಿದಳು. ಗುಂಡಿಂದೇನಿಲ್ಲ ಕಣಪ್ಪಾ, ನಂದೇ ಕೈ ನಡುಗ್ತು, ವಯಸ್ಸಾಯ್ತಲ್ಲ. ಎಷ್ಟು ಬೇಗ ಎತ್ತಿದಳು! ಅಷ್ಟು ಬೇಗ ಯಾಕೆ? ಅವತ್ತಿನಿಂದ ಊರಲ್ಲಿ ಅದೇ ಮಾತು, ಈಶ್ವರಮ್ಮಂಗೆ ಕೈ ನಡುಗ್ತದಂತೆ, ಕೈ ನಡುಗೋರ ಹತ್ರ ಕೋವಿ ಬಿಡಬಾರದು ಕಣ್ರೀ. ಅವಳು ಒಂದು ಮಾತು ಎದುರಾಡಲಿಲ್ಲ, ಹೌದು ಕಣಪ್ಪಾ ಕೊಟ್ಬಿಡ್ತೀನಿ ಅಂದಳು, ಭಾವನ ಕೋವಿಯನ್ನು, ಹದಿಮೂರು ಸಲ ಅಲೆದು ಪಡೆದದ್ದನ್ನು, ಇವನೋ, ಪೆದ್ದ, ಪಾಪ ಅಕ್ಕನಿಗೆ ವಯಸ್ಸಾಯಿತು ಅಂತ ವರ್ಷವಿಡೀ ನಂಬಿಕೊಂಡು ಕುಂಬಳಕಾಯಿಯ ಹಾಗೆ ಕೂತಿದ್ದಾನೆ.

ಫೋನು ಎತ್ತಿದ, ಇಟ್ಟ, ಮತ್ತೆ ಎತ್ತಿದ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಎರಡು ಹೋಳನ್ನೂ ಬಾಂಡ್ಲಿಗೆ ಹಾಕಿದರೆ ಕ್ಷಣದಲ್ಲಿ ಕರಗಿಹೋಗುತ್ತವೆ, ಅಂಗಡಿ ಉಳಿಯುತ್ತದೆ, ಸೋಮವಾರ ಕೋವಿ ಹೋಗುತ್ತದೆ. ಛೀ. ರಿಂಗಾಯಿತು. ಏನಪ್ಪಾ, ಉಂಡ್ಯಾ? ಅಕ್ಕಾ, ಹೋದ ವರ್ಷದ ಗುಂಡು ಟೊಳ್ಳಿತ್ತು, ಈಗ ಕೊಯ್ದು ನೋಡ್ದೆ. ಆ ಕಡೆ ಕೋಳಿಯ ಸದ್ದು, ನಲ್ಲಿಯ ಸದ್ದು. ಅಕ್ಕಾ, ನಿಂಗೆ ಗೊತ್ತಿತ್ತಾ? ನೋಡಪ್ಪಾ, ಸರಿಯಾದ ಗುಂಡು ಕೂಗಲ್ಲ, ಸುಮ್ನೆ ಹೋಯ್ತದೆ, ಅದು ಗುಂಯ್ ಅಂತ ಬುಗುರಿ ಥರ ಕೂಗ್ಕೊಂಡು ಹೋಯ್ತು, ಅಷ್ಟೂ ಗೊತ್ತಾಗ್ದೇ ಇರ್ತದಾ ನಂಗೆ. ಮತ್ಯಾಕಕ್ಕಾ ಹಂಗಂದೆ? ಇನ್ನೇನ್ ಅನ್ನಾನ, ಅವ್ರೆಲ್ಲ ನಿನ್ ಮಕಾನೇ ನೋಡ್ತಿದ್ರಲ್ಲ, ಬಾಯಿಗೆ ಬಂದಿದ್ದು ಅಂದ್ಬಿಟ್ಟೆ, ಅಂದ ಮೇಲೆ ನಡೆಸ್ಕೋಬೇಕಲ್ಲ. ಭಾನುವಾರ ತೀರ್ಥೇಶನ ಮುಂದೇ ಹೇಳ್ತೀನಿ ಅಕ್ಕಾ, ಈ ಹೋಳು ತೋರಿಸೇ ಹೇಳ್ತೀನಿ. ಲೇ, ಹುಚ್ಚು ಗಿಚ್ಚು ಹಿಡೀತಾ, ಅಂಗಡಿ ಗತಿ ಏನು? ಏನಾದ್ರೂ ಆಗ್ಲಿ, ಹೇಳ್ತೀನಿ ಅಂದ್ರೆ ಹೇಳ್ತೀನಿ. ಮತ್ತೆ ನಲ್ಲಿಯ ಸದ್ದು, ಆಮೇಲೆ ಮೂಗು ಸೀಟಿಕೊಂಡಳು, ನೆಗಡಿ ಕಣೋ ಅಂದಳು, ಸರಿ ಹಂಗಾದ್ರೆ, ಮೂರು ಸಾಲಲ್ಲ, ಒಂದು ಡಜನ್ ತಾ, ಮುಂದಿನ ಸಲಕ್ಕೂ ಬೇಕಾಯ್ತದೆ.

ಕಟ್ಟಾಯಿತು. ಅಚ್ಚು ಆರುತ್ತಿದೆ, ಮತ್ತೆ ಕಾಯಿಸಬೇಕು, ಐದು ವಾಪಸ್ ಹೋಗಬೇಕು, ಒಂದು ಡಜನ್ ಎಂದಳಲ್ಲ, ಸಾಕ್ಷಾತ್ ತಾಯಿ ಅವಳು, ತಾಯಿಗಿಂತ ಒಂದು ಕೈ ಹೆಚ್ಚೇ, ಹೊಯ್ಯಬೇಕು, ತೂಗಬೇಕು, ಸೌಟು ಹಿಡಿದ, ಸೀಸಕ್ಕೆ ಅದ್ದಲಿಲ್ಲ, ಕಣ್ಣೆದುರು ಲಿಂಗದಹಳ್ಳಿಯ ಬಯಲು, ಬಿಸಿಲು, ಬಾಯಿ ತೆರೆದು ನಿಂತ ಜನ, ಎಲ್ಲರೂ ನೋಡುತ್ತಿದ್ದಾರೆ, ಅವನೂ ನೋಡುತ್ತಿದ್ದಾನೆ, ಇಷ್ಟು ದಿನ ನೋಡಿಯೂ ಕಾಣದೇ ಹೋಗಿತ್ತಲ್ಲ — ನಡುಗ್ತು ಅನ್ನುತ್ತಾ ಅಕ್ಕ ಎತ್ತಿ ಹಿಡಿದ ಕೈ, ಐದೂ ಬೆರಳು ಬಿಡಿಸಿದ ಕೈ, ಅದು ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ.