ಹುಚ್ಚೀರಪ್ಪನ ಹಲ್ಲು

ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳಿಗೇನೂ ಬರವಿಲ್ಲ. ಆದರೆ ಹುಚ್ಚೀರಪ್ಪನ ಹಲ್ಲು ಇದ್ದದ್ದು ಒಂದೇ ಗಿರಣಿಯಲ್ಲಿ. ಮೂವತ್ತನಾಲ್ಕು ವರ್ಷದಿಂದ ಅವನು ಗೋವಿಂದರಾಜನ ಗಿರಣಿಯ ಗೇಟಿನ ಪಕ್ಕ ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂತಿದ್ದ. ಬಂದ ಭತ್ತದ ಚೀಲದೊಳಗೆ ಕೈ ಇಳಿಸಿ, ಹಿಡಿ ಕಾಳು ತೆಗೆದು, ಅಂಗೈಯಲ್ಲಿ ತಿಕ್ಕಿ ಹೊಟ್ಟು ಊದಿ, ಒಂದು ಕಾಳನ್ನು ಮುಂದಿನ ಹಲ್ಲಿಗೆ ಕೊಟ್ಟು ಕಡಿಯುವುದು ಅವನ ಕೆಲಸ. ಕಟ್ ಅಂದರೆ ಒಣಗಿದೆ, ಗಿರಣಿಗೆ ಹೋಗಬಹುದು. ಮೆತ್ತಗೆ ಮುರಿದರೆ ಹಸಿ, ಇನ್ನೆರಡು ದಿನ ಬಿಸಿಲಿಗೆ ಹರವಬೇಕು. ಆಫೀಸಿನಲ್ಲಿ ತೇವ ಅಳೆಯುವ ಮೀಟರ್ ಇಲ್ಲದೆ ಇರಲಿಲ್ಲ. ಆದರೆ ಮೀಟರ್ ಹಸಿ ಅಂದರೆ ರೈತರು ಜಗಳಕ್ಕೆ ಬರುತ್ತಿದ್ದರು, ಹುಚ್ಚೀರಪ್ಪ ಹಸಿ ಅಂದರೆ ಸುಮ್ಮನೆ ಟ್ರ್ಯಾಕ್ಟರ್ ತಿರುಗಿಸುತ್ತಿದ್ದರು. ಮೀಟರಿಗೆ ಮುಖ ಇಲ್ಲ ನೋಡಿ, ಬೈದವರಿಗೂ ಸಮಾಧಾನ ಇಲ್ಲ.

ಅಂಥ ಹಲ್ಲು ಅಲುಗಾಡತೊಡಗಿತು. ಕೊಪ್ಪಳದ ಹಲ್ಲಿನ ಡಾಕ್ಟರು ಬಾಯೊಳಗೆ ದೀಪ ಬಿಟ್ಟು ನೋಡಿ, ಒಸಡು ಪೂರ್ತಿ ಕೆಟ್ಟಿದೆ, ಮೇಲಿನ ಮುಂದಿನ ಹಲ್ಲು ಆರೂ ತೆಗೆಯಬೇಕು ಅಂದರು. ಹುಚ್ಚೀರಪ್ಪ ಮೂರು ವಾರದ ವಾಯಿದೆ ಕೇಳಿದ. ಅದಕ್ಕಿಂತ ಒಂದು ದಿನ ಹೆಚ್ಚಿಲ್ಲ ಎಂದು ಸೋಮವಾರದ ದಿನವೊಂದನ್ನು ಬರೆದುಕೊಟ್ಟರು. ಕಟ್ಟಿಸಿದ ಹಲ್ಲಿಗೆ ಕಾಳು ಗೊತ್ತಾಗುತ್ತದೆಯೇ ಎಂದು ಕೇಳಿದರೆ, ಅನ್ನ ಉಣ್ಣಲು ಏನೂ ಅಡ್ಡಿಯಿಲ್ಲ ಎಂದರು. ಅವನು ಕೇಳಿದ್ದು ಅದಲ್ಲ.

ಗೋವಿಂದರಾಜ ಕೆಟ್ಟವನಲ್ಲ. "ಯಾಕ ಚಿಂತಿ ಮಾಡ್ತಿ ಹುಚ್ಚೀರಪ್ಪಣ್ಣ, ಗೋಡಾನಿನ್ಯಾಗ ಫ್ಯಾನಿನ ಕೆಳಗ ಆರಾಮ ಕುಂದ್ರು" ಅಂದ. ಗೋಡೌನಿನಲ್ಲಿ ಕೂರುವುದೆಂದರೆ ಏನು ಅಂತ ಹುಚ್ಚೀರಪ್ಪನಿಗೆ ಗೊತ್ತಿತ್ತು. ಹಳೆಯ ತಕ್ಕಡಿಯನ್ನೂ ಅಲ್ಲೇ ಇಟ್ಟಿದ್ದರು. ಗೇಟಿನ ಕುರ್ಚಿ ಹೋದರೆ ತಾನು ಯಾರು ಎಂಬುದೇ ಅವನಿಗೆ ತಿಳಿಯದಂತಾಗಿತ್ತು.

ಆಗ ಟ್ಯಾಬ್ ಹಿಡಿದುಕೊಂಡು ಬಂದವಳು ಅಮೃತಾ, ಅವನ ಅಕ್ಕನ ಮಗಳು. ಊರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು, ಬಿಡುವಾದಾಗ ಆ್ಯಪ್ ಕಟ್ಟುತ್ತಿದ್ದಳು. ಹುಣ್ಣಿಮೆಗೆ ಹುಲಿಗಿಯ ದೇವಸ್ಥಾನಕ್ಕೆ ಹೋಗುವ ಬಸ್ಸುಗಳ ವೇಳೆ ತೋರಿಸುವ ಆ್ಯಪ್ ಒಂದನ್ನು ಮಾಡಿದ್ದಳು. ಬಸ್ಸುಗಳು ಅದನ್ನು ನೋಡಿ ಬರುತ್ತಿರಲಿಲ್ಲವಾದ್ದರಿಂದ ಅದು ನಡೆಯಲಿಲ್ಲ.

"ಮಾಮಾ, ಹಲ್ಲು ಹೋದ್ರ ಹೋಗ್ಲಿ, ಸಪ್ಪಳ ಉಳಿಸಿಕೊಳ್ಳೋಣು" ಅಂದಳು. "ನೀವು ಕಾಳು ಕಡಿಯೋ ಸಪ್ಪಳ ಈ ಟ್ಯಾಬ್ ಕೇಳತೈತಿ. ಹಸಿದು ಯಾವುದು, ಒಣದು ಯಾವುದು ಅಂತ ಕಲೀತೈತಿ. ಆಮ್ಯಾಲೆ ಬ್ಯಾರೆ ಯಾರ ಕಡದ್ರೂ ಇದ ಹೇಳತೈತಿ. ಇದನ್ನ ಹಿಡಕೊಂಡು ನೀವ ಕುರ್ಚಿ ಮ್ಯಾಲ ಕುಂದರ್ರಿ."

"ಇದಕ್ಕ ಕಿವಿ ಎಲ್ಲಿ ಅದಾವು?"

ಅಮೃತಾ ಟ್ಯಾಬಿನ ಅಂಚಿನಲ್ಲಿದ್ದ ಸೂಜಿಮೊನೆಯಷ್ಟು ತೂತು ತೋರಿಸಿದಳು. ಹುಚ್ಚೀರಪ್ಪ ಕನ್ನಡಕ ಹಾಕಿಕೊಂಡು ಆ ತೂತನ್ನು ಬಹಳ ಹೊತ್ತು ನೋಡಿದ. ಅಂಥ ಸಣ್ಣ ಕಿವಿ ತನ್ನ ಹಲ್ಲಿನ ವಿದ್ಯೆಯನ್ನು ನುಂಗುತ್ತದೆ ಎಂದರೆ ನೋಡಿಯೇಬಿಡೋಣ ಅನ್ನಿಸಿತು.

ಮೂರು ವಾರ, ದಿನಾ ಊಟದ ಬಿಡುವಿನಲ್ಲಿ, ಗೋಡೌನಿನ ಹಿಂದೆ ಅದೇ ಕೆಲಸ. ಅವನು ಕಡಿಯುವುದು, ಅದೇ ಹಿಡಿಯ ಕಾಳನ್ನು ಅವಳು ಮೀಟರಿಗೆ ಹಾಕಿ ಹಸಿಯೋ ಒಣವೋ ಗುರುತು ಮಾಡುವುದು. ತಪ್ಪಿದರೆ ಬೆತ್ತ ಎತ್ತುವವರಿಲ್ಲ, ಕಿವಿ ಹಿಂಡುವವರಿಲ್ಲ, ಹಾಗಿದ್ದೂ ಇದು ಹೇಗೆ ಕಲಿಯುತ್ತದೆ ಎಂದು ಹುಚ್ಚೀರಪ್ಪನಿಗೆ ಬೆರಗು. "ಕೂಸು ಮಾತು ಕಲಿಯೂದಿಲ್ಲೇನು ಮಾಮಾ, ಹಂಗ. ಕೇಳಿ ಕೇಳಿ ಕಲೀತೈತಿ" ಅನ್ನುತ್ತಿದ್ದಳು ಅಮೃತಾ. ಆರುನೂರು ಕಾಳು ಕಡಿದಾಯಿತು. ಶುಕ್ರವಾರ ಪರೀಕ್ಷೆ ಮಾಡಿದರು. ಅವನು ಕಡಿದ ನೂರು ಕಾಳಿನಲ್ಲಿ ತೊಂಬತ್ತೇಳಕ್ಕೆ ಟ್ಯಾಬ್ ಸರಿಯಾಗಿ ಹೇಳಿತು. ಹುಚ್ಚೀರಪ್ಪ ಒಸಡಿನ ನೋವು ಮರೆತು ಎಲ್ಲರಿಗೂ ಮಂಡಕ್ಕಿ ಮಿರ್ಚಿ ತರಿಸಿದ.

ಭಾನುವಾರ ಗಿರಣಿಗೆ ರಜೆ. ಮರುದಿನ ಹಲ್ಲು ಕೀಳಿಸುವ ಸೋಮವಾರ. ಗೋವಿಂದರಾಜನೇ ನೋಡಲು ಬಂದ. ಬೇರೆಯವರ ಹಲ್ಲು ಬೇಕಲ್ಲ, ಅದಕ್ಕೆ ಹಮಾಲರ ಹಿರಿಯ ಮಕ್ಬುಲಸಾಬನನ್ನು ಕರೆದರು. ಮಷಿನ್ನಿನ ಮುಂದೆ ಕಡಿಯುವುದೆಂದರೆ ಮರ್ಯಾದೆಯ ಕೆಲಸವೆಂದು ಅವನು ಮುಖ ತೊಳೆದುಕೊಂಡು ಬಂದು, ಫೋಟೋ ತೆಗೆಸುವವನ ಹಾಗೆ ಬಿಗಿಯಾಗಿ ಕೂತ. ಮೊದಲನೆಯದು ಒಣಗಿದ ಕಾಳು. ಟ್ಯಾಬ್ 'ಒಣ' ಅಂದಿತು. ಎರಡನೆಯದು ಹಸಿ. ಅದಕ್ಕೂ 'ಒಣ'. ಕೊನೆಗೆ ಅಮೃತಾ ನೀರಿನಲ್ಲಿ ನೆನೆಸಿದ ಕಾಳನ್ನೇ ಕೊಟ್ಟಳು. ಅದಕ್ಕೂ 'ಒಣ'.

"ಭಾಳ ಉದಾರಿ ಐತಿ ನಿನ್ನ ಮಶಿನ್" ಅಂದ ಗೋವಿಂದರಾಜ. "ರೈತರಿಗೆ ಗೊತ್ತಾದ್ರ ಇದಕ್ಕ ಹಾರ ಹಾಕಿ ಮೆರವಣಿಗಿ ಮಾಡ್ತಾರ." ನಗುತ್ತಲೇ ಚಹಾ ಕುಡಿಯಲು ಎದ್ದು ಹೋದ.

ಅಮೃತಾಳ ಮುಖ ಸಪ್ಪಗಾಯಿತು. ಹುಚ್ಚೀರಪ್ಪನಿಗೆ ತನ್ನ ಕುರ್ಚಿಗಿಂತ ಅವಳನ್ನು ನೋಡಿಯೇ ಹೆಚ್ಚು ಸಂಕಟವಾಯಿತು. ಆದರೂ ಒಂದು ಪ್ರಶ್ನೆ ಅವನ ತಲೆಯಲ್ಲಿ ನೊಣದಂತೆ ಗುಂಯ್‌ಗುಡುತ್ತಿತ್ತು. "ನನ್ನ ಹಲ್ಲಿಗೆ ಸರಿ ಹೇಳಿದ್ದು ಇವನ ಹಲ್ಲಿಗೆ ಯಾಕ ತಪ್ಪಿತು? ಅದು ನನ್ನ ಕಡೆಯಿಂದ ಏನ ಕೇಳೇತಿ, ಹಚ್ಚು ನೋಡೂಣು" ಅಂದ.

ಅವಳು ಅವನ ಹಸಿ ಕಾಳಿನದೊಂದು ಸಪ್ಪಳ ಹಚ್ಚಿದಳು. ಮೂವರೂ ತಲೆ ತಗ್ಗಿಸಿ ಕೇಳಿದರು. ಮಕ್ಬುಲಸಾಬ ಹಣೆ ಚಚ್ಚಿಕೊಂಡ. "ಅಣ್ಣಾ, ನೀ ಲೊಚ್ ಅಂದೀದಿ ನೋಡು."

ಆ ಕಡೆಯ ಜನ ಬೇಡ ಎನ್ನಲು ಬಾಯಿ ತೆರೆಯುವುದಿಲ್ಲ. ಚಹಾ ಕುಡೀತೀಯೇನು ಅಂದರೆ ಲೊಚ್. ಬಸ್ಸು ಬಂತೇನು ಅಂದರೆ ಲೊಚ್. ನಾಲಿಗೆ ಅಂಗುಳಕ್ಕೆ ಬಡಿದು ಬಿಟ್ಟರೆ ಮುಗಿಯಿತು. ಹುಚ್ಚೀರಪ್ಪ ಮೂವತ್ತನಾಲ್ಕು ವರ್ಷದಿಂದ ಪ್ರತಿ ಹಸಿ ಕಾಳಿಗೂ ಲೊಚಗುಟ್ಟುತ್ತ ಬಂದಿದ್ದ. ಹುಟ್ಟಿದಾಗಿನಿಂದ ಅದನ್ನೇ ಕೇಳುತ್ತ ಬೆಳೆದವರಿಗೆ ಅದು ಸಪ್ಪಳವೇ ಅಲ್ಲ, ಹಾಗಾಗಿ ಅಮೃತಾಳ ಕಿವಿಗೂ ಬಿದ್ದಿರಲಿಲ್ಲ. ಟ್ಯಾಬ್ ಮಾತ್ರ ಈ ಊರಲ್ಲಿ ಬೆಳೆದದ್ದಲ್ಲ. ಅದು ಕಾಳನ್ನು ಬಿಟ್ಟು ಲೊಚ್ಚನ್ನೇ ಗಟ್ಟಿಯಾಗಿ ಹಿಡಿದುಕೊಂಡಿತ್ತು: ಲೊಚ್ ಕೇಳಿದರೆ ಹಸಿ, ಕೇಳದಿದ್ದರೆ ಒಣ.

"ಆರುನೂರು ಕಾಳು ಹೊಳಿಯಾಗ ಹಾಕಿದಂಗಾತು" ಅಂದಳು ಅಮೃತಾ. "ಇವತ್ತ ಒಂದ ದಿನ ಉಳದೈತಿ. ಮಾಮಾ, ಸಪ್ಪಳ ಮಾಡದ ಕಡೀರಿ."

ಅವನು ಕಡಿದ. ಲೊಚ್. ತುಟಿ ಬಿಗಿಹಿಡಿದು ಕಡಿದ, ಗಲ್ಲ ಒತ್ತಿಕೊಂಡು ಕಡಿದ. ಹಸಿ ಕಾಳು ಬಂದರೆ ನಾಲಿಗೆ ಅವನ ಮಾತನ್ನೇ ಕೇಳಲಿಲ್ಲ.

"ಇರ್ಲಿ ಬಿಡ್ರಿ, ಲೊಚ್ ಅಷ್ಟ ಕತ್ತರಿಸಿ ಒಗೀತೀನಿ" ಎಂದು ಅವಳು ಸಪ್ಪಳದ ಚಿತ್ರವನ್ನು ತೆರೆದು ಎರಡು ಬೆರಳಿನಿಂದ ಹಿಗ್ಗಿಸಿದಳು. ಪರದೆಯ ಮೇಲೆ ಒಂದು ಸಣ್ಣ ದಿನ್ನೆ, ಅದರ ಪಕ್ಕ ಒಂದು ದೊಡ್ಡ ದಿನ್ನೆ ಎದ್ದವು. ಸಪ್ಪಳಕ್ಕೂ ಚಿತ್ರ ಇರುತ್ತದೆ ಎಂಬುದು ಹುಚ್ಚೀರಪ್ಪನಿಗೆ ಗೊತ್ತಿರಲಿಲ್ಲ. ಬಗ್ಗಿ ನೋಡಿದ.

"ಈ ಸಣ್ಣ ದಿನ್ನಿ ಏನು?"

"ನಿಮ್ಮ ಲೊಚ್."

"ದೊಡ್ಡದು?"

"ಹಲ್ಲು."

"ಯಾವುದು ಮೊದಲು?"

"ಎಡಗಡಿದು ಮೊದಲು, ಬಲಗಡಿದು ಆಮ್ಯಾಲೆ" ಎಂದವಳು ಅಲ್ಲೇ ನಿಂತಳು. ಸಣ್ಣ ದಿನ್ನೆ ಎಡಗಡೆ ಇತ್ತು.

"ಇನ್ನೊಂದು ತೆಗಿ" ಅಂದ ಹುಚ್ಚೀರಪ್ಪ. ಇನ್ನೊಂದು ತೆಗೆದಳು. ಮತ್ತೊಂದು. ಹಸಿ ಕಾಳುಗಳಲ್ಲೆಲ್ಲ ಮೊದಲು ಲೊಚ್, ಆಮೇಲೆ ಹಲ್ಲು. ಒಣ ಕಾಳುಗಳಲ್ಲಿ ಬರೀ ಹಲ್ಲು. ಹಲ್ಲು ಕಡಿಯುವ ಮುಂಚೆಯೇ ನಾಲಿಗೆ ತೀರ್ಪು ಕೊಟ್ಟಿತ್ತು. ನಾಲಿಗೆಗೆ ಹೇಳಿದವರು ಯಾರು?

ಹುಚ್ಚೀರಪ್ಪ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ. ಅವನಿಗೆ ಬೇಕಾಯಿತು.

ಟವೆಲಿನಿಂದ ಬಾಯಿ ಮೂಗು ಬಿಗಿದುಕೊಂಡು ಎದ್ದ. ಕಲಿಸಲೆಂದು ತರಿಸಿಟ್ಟಿದ್ದ ಹಸಿ, ಒಣ ಚೀಲಗಳಲ್ಲಿ ಹತ್ತನ್ನು ಬಿಚ್ಚಿಸಿದ. ಒಂದೊಂದಕ್ಕೂ ಮೊಣಕೈವರೆಗೆ ಕೈ ಇಳಿಸಿ, ಹಿಡಿ ಮಾಡಿ, ಬಿಟ್ಟು, ಹಸಿಯಾದರೆ ಒಂದು ಬೆರಳು, ಒಣಗಿದ್ದರೆ ಎರಡು ಬೆರಳು ತೋರಿಸಿದ. ಅಮೃತಾ ಹಿಂದಿನಿಂದ ಮೀಟರ್ ಹಿಡಿದು ಬಂದಳು. ಒಂಬತ್ತು ಸರಿಯಾದವು. ಹತ್ತನೆಯದಕ್ಕೆ ಅವನು ಕೈಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿದ. ಮೀಟರಿನ ಅಂಕಿಯೂ ಹಸಿಗೂ ಒಣಕ್ಕೂ ನಡುವೆ, ಗೆರೆಯ ಮೇಲೆಯೇ ಕೂತಿತ್ತು.

ಚಹಾ ಕುಡಿದು ಬಂದ ಗೋವಿಂದರಾಜ ಕೊನೆಯ ನಾಲ್ಕು ಚೀಲಗಳನ್ನು ಬಾಗಿಲಲ್ಲಿ ನಿಂತೇ ನೋಡಿದ. ಭಾನುವಾರವೆಂದು ಒಳಗಿಟ್ಟಿದ್ದ ಕಬ್ಬಿಣದ ಕುರ್ಚಿಯನ್ನು ತಾನೇ ಎತ್ತಿಕೊಂಡು ಹೋಗಿ ಗೇಟಿನ ಪಕ್ಕ ಇಟ್ಟು ಬಂದ.

ಹುಚ್ಚೀರಪ್ಪ ಟವೆಲ್ ಬಿಚ್ಚಿದ. ಕಣ್ಣು ತುಂಬಿತ್ತು, ಅದನ್ನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. "ಹಂಗಾದ್ರ ಮೂವತ್ನಾಕು ವರ್ಷ ಸುಮ್ಮ ಸುಮ್ಮನ ಕಡದ್ನೇನೋ ಮಕ್ಬುಲ?"

"ಸುಮ್ಮನ ಅಲ್ಲ ಅಣ್ಣಾ. ಕಡದ ಸಪ್ಪಳ ರೈತರಿಗೆ ಕೇಳಬೇಕಿತ್ತಲ್ಲ. ಈಗ ನೀ ಕಡೀದಿದ್ರೂ ನಂಬತಾರ ಬಿಡು."

ಅಮೃತಾ ಆಗಲೇ ಬೇರೆ ಲೆಕ್ಕದಲ್ಲಿದ್ದಳು. ಆ್ಯಪನ್ನು ಮೊದಲಿನಿಂದ ಕಟ್ಟಬೇಕು, ಆದರೆ ಅದಕ್ಕೆ ಕಲಿಸುವುದೇನು? "ಕೈಗೆ ಏನ್ ಗೊತ್ತಾಗತೈತಿ ಮಾಮಾ? ತಂಪೋ? ಭಾರೋ? ಕಾಳು ಜಾರೂದೋ?"

ಅಷ್ಟು ವರ್ಷ ತನ್ನ ಜೊತೆಗೇ ಇದ್ದ ಕೈಯನ್ನು ಹುಚ್ಚೀರಪ್ಪ ಒಂದು ದಿನವೂ ಮಾತಾಡಿಸಿರಲಿಲ್ಲ. ಅವಳ ಮಣಿಕಟ್ಟು ಹಿಡಿದು, ಬಳೆ ಮೇಲೆ ಸರಿಸಿ, ಚೀಲದೊಳಗೆ ಮೊಣಕೈವರೆಗೆ ಇಳಿಸಿದ.

"ನನ್ನ ಕೇಳಬ್ಯಾಡ. ಇದು ಒಣದು. ಇಟಗೊಂಡ ನಿಂದ್ರು."

ಬಹಳ ಹೊತ್ತು ನಿಂತಳು. ಅಲ್ಲಿಂದ ಹಸಿ ಚೀಲಕ್ಕೆ, ಮತ್ತೆ ಒಣದಕ್ಕೆ. ಹೀಗೆ ಬಿಸಿಲು ಗೋಡೌನಿನ ಗೋಡೆ ಇಳಿಯುವವರೆಗೂ ನಡೆಯಿತು. ಆಮೇಲೆ ಅವಳು ಕಣ್ಣು ಮುಚ್ಚಿಕೊಂಡಳು, ಅವನು ಯಾವುದೆಂದು ಹೇಳದೆ ಒಂದು ಚೀಲಕ್ಕೆ ಅವಳ ಕೈ ಇಳಿಸಿದ.

ಅಮೃತಾಳ ನಾಲಿಗೆ ಲೊಚಗುಟ್ಟಿತು. ಅವಳಿಗೆ ಅದು ಗೊತ್ತೂ ಆಗಲಿಲ್ಲ. ಪಕ್ಕದ ಚೀಲದ ಮೇಲೆ ಇನ್ನೂ ಕಿವಿ ತೆರೆದೇ ಇದ್ದ ಟ್ಯಾಬ್ ಮಾತ್ರ 'ಹಸಿ' ಎಂದು ತೋರಿಸಿತು.